ಹಿಮ ಬಿದ್ದ ದಿನವೇ ಹಬ್ಬ: ಗುಲ್ಮಾರ್ಗ್‌ನವರು ಯಾಕೆ ಆಕಾಶ ನೋಡ್ತಾರೆ?



2024ರ ಜನವರಿಯಲ್ಲಿ ನಿಮ್ಮ ಫೋನಿಗೂ ಆ ಫೋಟೋಗಳು ಬಂದಿರಬಹುದು. ಗುಲ್ಮಾರ್ಗ್‌ನ ಇಳಿಜಾರುಗಳು. ಬಿಳಿ ಇರಬೇಕಾದ ಕಡೆ ಒಣಗಿದ ಕಂದು ಹುಲ್ಲು. ಆ ತಿಂಗಳ ಕೊನೆಗೆ ಹಿಮ ಬಂತು, ಆದರೆ ಅಷ್ಟರಲ್ಲಿ ಸೀಸನ್‌ನ ಒಳ್ಳೆಯ ವಾರಗಳು ಕಳೆದುಹೋಗಿದ್ದವು. ಮರುವರ್ಷ ಇನ್ನೊಂದು ಸುದ್ದಿ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಸ್ಪರ್ಧೆಗಳು 2025ರ ಫೆಬ್ರವರಿಯಿಂದ ಮಾರ್ಚ್‌ಗೆ ಹೋದವು. ಕಾರಣ ಒಂದೇ, ಹಿಮ ಸಾಲಲಿಲ್ಲ.

ನಮ್ಮಂಥ ದೂರದವರಿಗೆ ಇದು ಟ್ರಿಪ್ ಕೆಟ್ಟ ಸುದ್ದಿ, ಅಷ್ಟೇ. ಆದ್ರೆ ಹಿಮಕ್ಕಾಗಿ ಕಾಯೋದು, ಬಿದ್ದ ದಿನ ಕುಣಿಯೋದು ಇದೆಯಲ್ಲ, ಇದನ್ನ ಕಾಶ್ಮೀರಕ್ಕೆ ಪ್ರವಾಸಿಗರು ಕಲಿಸಿದ್ದಲ್ಲ. ಅದರ ಕಥೆ ತುಂಬಾ ಹಳೆಯದು. ಇವತ್ತು ಅದನ್ನೇ ಹೇಳ್ತೀನಿ.

ನೀಲಮತ ಪುರಾಣ ಅಂತ ಒಂದು ಸಂಸ್ಕೃತ ಗ್ರಂಥ ಇದೆ. 12ನೇ ಶತಮಾನದಲ್ಲಿ ರಾಜತರಂಗಿಣಿ ಬರೆದ ಕಲ್ಹಣ ಇದನ್ನ ಆಧಾರವಾಗಿ ಬಳಸಿದ್ದಾನೆ, ಅಂದ್ರೆ ಅವನ ಕಾಲಕ್ಕೇ ಇದು ಹಳೆಯ ಪುಸ್ತಕ. ಅದರಲ್ಲಿ ಬರೋ ಕಥೆ ಹೀಗಿದೆ. ಒಂದು ಕಾಲದಲ್ಲಿ ಕಾಶ್ಮೀರದಲ್ಲಿ ಮನುಷ್ಯರು ವರ್ಷಕ್ಕೆ ಆರು ತಿಂಗಳು ಮಾತ್ರ ಇರಬಹುದಿತ್ತು. ಬೆಳೆ ಕೊಯ್ದು, ಚಳಿ ಶುರುವಾಗೋ ಮೊದಲೇ ಊರು ಬಿಡಬೇಕು. ಚಳಿಗಾಲ ಪೂರ್ತಿ ಕಣಿವೆ ಪಿಶಾಚಿಗಳದ್ದು. ಒಂದು ವರ್ಷ ಚಂದ್ರದೇವ ಅನ್ನೋ ಮುದುಕನೊಬ್ಬ ಹೊರಡದೆ ಹಿಂದೆ ಉಳಿದುಬಿಡ್ತಾನೆ. ಚಳಿಯಲ್ಲಿ ನಡುಗ್ತಾ ನಾಗರ ರಾಜ ನೀಲನ ಹತ್ತಿರ ಹೋಗಿ, ನಮ್ಮ ಜನ ವರ್ಷವಿಡೀ ಇಲ್ಲೇ ಇರೋ ಹಾಗೆ ಮಾಡು ಅಂತ ಕೇಳ್ತಾನೆ. ನೀಲ ಒಪ್ತಾನೆ, ಆದರೆ ಒಂದು ಷರತ್ತು. ತಾನು ಹೇಳಿದ ಆಚರಣೆಗಳನ್ನೆಲ್ಲ ಜನ ತಪ್ಪದೆ ನಡೆಸಬೇಕು.

ಆ ಆಚರಣೆಗಳ ಪಟ್ಟಿಯಲ್ಲಿ ಹೊಸ ಹಿಮ ಬಿದ್ದ ದಿನದ ಹಬ್ಬವೂ ಇದೆ! ಅವತ್ತು ಹಿಮವಂತನಿಗೆ ಪೂಜೆ, ಹೇಮಂತ ಶಿಶಿರ ಋತುಗಳಿಗೂ ಪೂಜೆ. ಆಮೇಲೆ ಬೆಚ್ಚಗೆ ಹೊದ್ದುಕೊಂಡು ಹಿಮದ ಮೇಲೇ ಕೂತು ಒಳ್ಳೆ ಊಟ, ಹೊಸ ಮದ್ಯ, ಹಾಡು, ಕುಣಿತ. ಹಿಮದಲ್ಲಿ ಪಾರ್ಟಿ ಮಾಡೋದಕ್ಕೆ ಶಾಸ್ತ್ರದ ಅಪ್ಪಣೆಯೇ ಇತ್ತು ಅನ್ನಿ.

ಈ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸೋದು ನಾಗ ಅನ್ನೋ ಪದ. ಕಾಶ್ಮೀರದಲ್ಲಿ ನಾಗ ಅಂದ್ರೆ ನೀರಿನ ಬುಗ್ಗೆ. ವೆರಿನಾಗ್, ಕೋಕರ್‌ನಾಗ್, ಅನಂತನಾಗ್, ಈ ಹೆಸರುಗಳೆಲ್ಲ ಬಂದದ್ದು ಹಾಗೆ. ಝೀಲಂ ನದಿಯ ಮೂಲ ಅಂತ ಹೇಳೋದು ವೆರಿನಾಗ್‌ನ ಬುಗ್ಗೆಯನ್ನೇ. ಹಿಮದ ಹಬ್ಬ ಮಾಡಿ ಅಂತ ಹೇಳಿದವನು ಬುಗ್ಗೆಗಳ ರಾಜ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಆ ಖುಷಿ ಬೇರೆ ರೂಪದಲ್ಲಿ ಉಳ್ಕೊಂಡು ಬಂತು. ಕಾಶ್ಮೀರಿಯಲ್ಲಿ ಹಿಮಕ್ಕೆ ಶೀನ್ ಅಂತಾರೆ. ಮೊದಲ ಹಿಮ ನವ್ ಶೀನ್. ಅವತ್ತು ಒಂದು ಹಳೆಯ ಆಟ ಇದೆ. ಒಂದಿಷ್ಟು ಹಿಮವನ್ನ ಗೊತ್ತಾಗದ ಹಾಗೆ ಸುತ್ತಿ ಗೆಳೆಯನ ಕೈಗೆ ಕೊಡೋದು. ಅವನು ಏಮಾರಿ ತಗೊಂಡ್ರೆ ಸೋತ, ಏನಾದ್ರೂ ಕೊಡಿಸಬೇಕು.

ಈಗ ಬ್ರಿಟಿಷರ ಕಾಲಕ್ಕೆ ಬರೋಣ. ಪುರಾಣದ ಕಥೆ ಇಲ್ಲಿ ಸ್ವಲ್ಪ ತಮಾಷೆಯಾಗಿ ಮರುಕಳಿಸುತ್ತೆ. 19ನೇ ಶತಮಾನದಲ್ಲಿ ಯುರೋಪಿನವರು ಬೇಸಿಗೆಗೆ ಕಾಶ್ಮೀರಕ್ಕೆ ಬರಬಹುದಿತ್ತು, ಆದರೆ ಚಳಿಗಾಲಕ್ಕೆ ಉಳಿಯೋ ಹಾಗಿರಲಿಲ್ಲ. 1865ರಲ್ಲಿ ಶ್ರೀನಗರದಲ್ಲಿ ದವಾಖಾನೆ ತೆರೆದ ಮಿಷನರಿ ವೈದ್ಯ ವಿಲಿಯಂ ಎಲ್ಮ್‌ಸ್ಲಿ ಕೂಡ ಚಳಿಗಾಲ ಬಂತು ಅಂದ್ರೆ ಗಂಟುಮೂಟೆ ಕಟ್ಟಬೇಕಿತ್ತು. ಚಂದ್ರದೇವನ ಕಾಲದವರ ಹಾಗೆಯೇ!

ಗುಲ್ಮಾರ್ಗ್ ಕೂಡ ಅವರಿಗೆ ಮೊದಲು ಬೇಸಿಗೆಯ ಊರು. ಗಾಲ್ಫ್, ಕುದುರೆ ಸವಾರಿ, ತಂಪು ಗಾಳಿ. ಚಳಿಗಾಲದ ಆಟ ಗಟ್ಟಿಯಾಗಿ ಬೇರೂರಿದ್ದು 1927ರಲ್ಲಿ, ಬ್ರಿಟಿಷ್ ಅಧಿಕಾರಿಗಳು ಅಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದಾಗ. ಕೇಬಲ್ ಕಾರ್ ಇಲ್ಲದ ಕಾಲ ಅದು. ಹತ್ತು ನಿಮಿಷ ಜಾರೋದಕ್ಕೆ ಗಂಟೆಗಟ್ಟಲೆ ಹತ್ತಬೇಕಿತ್ತು.

1947ರ ನಂತರ ಬ್ರಿಟಿಷರು ಹೋದರು. ಇಲ್ಲಿ ಕಥೆಯೊಳಗೆ ನಮ್ಮ ಕೊಡಗು ಬರುತ್ತೆ. ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯ ಆಗ ಮೇಜರ್ ಜನರಲ್, ಕಾಶ್ಮೀರದಲ್ಲಿ 19ನೇ ಡಿವಿಷನ್ನಿನ ಮುಖ್ಯಸ್ಥ. 1948ರ ನವೆಂಬರ್ 1ರಂದು ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಕಣಿವೆದಾರಿಗೆ ಅವರ ಪಡೆ ಟ್ಯಾಂಕುಗಳನ್ನೇ ಹತ್ತಿಸಿತು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತೆ ಅಂತ ಎದುರಾಳಿಗಳು ಊಹಿಸಿಯೇ ಇರಲಿಲ್ಲ. ಲೇಹ್‌ಗೆ ದಾರಿ ತೆರೆಯಲು ಅದೇ ತಿರುವು.

ಹಿಮದಲ್ಲಿ ಯುದ್ಧ ಮಾಡೋದಕ್ಕೆ ಹಿಮದಲ್ಲಿ ಬದುಕೋದನ್ನ ಕಲಿತಿರಬೇಕು. ಅದೇ ವರ್ಷ ಡಿಸೆಂಬರ್‌ನಲ್ಲಿ ತಿಮ್ಮಯ್ಯನವರ ಡಿವಿಷನ್ ಗುಲ್ಮಾರ್ಗ್‌ನಲ್ಲಿ ಒಂದು ಸ್ಕೀ ಶಾಲೆ ತೆರೆಯಿತು. ಅದೇ ಬೆಳೆದು 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯ್ತು. 1978ರಲ್ಲಿ ಸಿಯಾಚಿನ್‌ಗೆ ತಂಡ ಕರೆದೊಯ್ದ ನರೇಂದ್ರ ಕುಮಾರ್ ಈ ಶಾಲೆಯ ಮುಖ್ಯಸ್ಥರಾಗಿದ್ದವರೇ. ಕಾಫಿ, ಕಿತ್ತಳೆ ಬೆಳೆಯೋ ನಾಡಿನ ಒಬ್ಬರು ಭಾರತೀಯ ಸೇನೆಗೆ ಸ್ಕೀಯಿಂಗ್ ಕಲಿಸೋ ಶಾಲೆಗೆ ಕಾರಣರಾದರು ಅಂದ್ರೆ, ಚರಿತ್ರೆ ಎಲ್ಲಿಂದೆಲ್ಲಿಗೆ ಗಂಟು ಹಾಕುತ್ತೆ ನೋಡಿ.

ಆಮೇಲೆ ಒಲಿಂಪಿಕ್ಸ್. ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತ ಮೊದಲು ಹೋಗಿದ್ದು 1964ರಲ್ಲಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ. ಪೋಲಿಷ್ ಮೂಲದ ಜೆರೆಮಿ ಬುಜಾಕೋವ್ಸ್ಕಿ ಒಬ್ಬರೇ ನಮ್ಮ ತಂಡ. ಆ ವರ್ಷ ಇನ್ಸ್‌ಬ್ರುಕ್‌ನಲ್ಲೇ ಹಿಮ ಇರಲಿಲ್ಲ! ಆಸ್ಟ್ರಿಯಾದ ಸೈನಿಕರು ಬೇರೆ ಬೆಟ್ಟಗಳಿಂದ ಹಿಮ ಹೊತ್ತು ತಂದು ಇಳಿಜಾರುಗಳ ಮೇಲೆ ಸುರಿದರು. ಎಷ್ಟು ಗೊತ್ತಾ? ಸುಮಾರು 40,000 ಘನ ಮೀಟರ್.

ಈಗ 2022ರ ಬೀಜಿಂಗ್‌ಗೆ ಬನ್ನಿ. ಅಲ್ಲೂ ಭಾರತದಿಂದ ಒಬ್ಬನೇ ಆಟಗಾರ. ಗುಲ್ಮಾರ್ಗ್ ಕಡೆಯ ಹುಡುಗ ಆರಿಫ್ ಖಾನ್, ಜೈಂಟ್ ಸ್ಲಾಲಂನಲ್ಲಿ 45ನೇ ಸ್ಥಾನ. ನಿಜವಾದ ಹಿಮದಲ್ಲಿ ಬೆಳೆದ ಅವನು ಅಲ್ಲಿ ಜಾರಿದ್ದು ಯಂತ್ರದ ಹಿಮದ ಮೇಲೆ. ಬೀಜಿಂಗ್ ಕೂಟದ ಹಿಮ ಹೆಚ್ಚುಕಮ್ಮಿ ಪೂರ್ತಿ ಕೃತಕವಾಗಿತ್ತು. ನೀರನ್ನ ಜೋರಾಗಿ ಕೊರೆಯೋ ಗಾಳಿಗೆ ಸಿಂಪಡಿಸಿದ್ರೆ ಹನಿ ಹೆಪ್ಪುಗಟ್ಟಿ ಬೀಳುತ್ತೆ, ತಂತ್ರ ಅಷ್ಟೇ. ಆದರೆ ಅದಕ್ಕೆ ಬೇಕಾದಷ್ಟು ನೀರು ಬೇಕು, ಕರೆಂಟ್ ಬೇಕು, ದುಡ್ಡು ಬೇಕು.

ಹಾಗಾದ್ರೆ ಗುಲ್ಮಾರ್ಗ್‌ಗೂ ಮೆಷಿನ್ ತಂದ್ರೆ ಮುಗೀತಲ್ಲ ಅಂತ ಕೇಳಬಹುದು. ನನ್ನ ಉತ್ತರ, ಮುಗಿಯಲ್ಲ. ಯಾಕೆ ಅಂತ ಕಾಶ್ಮೀರಿಗಳ ಕ್ಯಾಲೆಂಡರೇ ಹೇಳುತ್ತೆ.

ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅಂದ್ರೆ ದೊಡ್ಡ ಚಳಿ. ಆಮೇಲೆ 20 ದಿನ ಚಿಲ್ಲೈ ಖುರ್ದ್, ಸಣ್ಣ ಚಳಿ. ಕೊನೆಗೆ 10 ದಿನ ಚಿಲ್ಲೈ ಬಚ್ಚಾ, ಮರಿ ಚಳಿ. ಫೆರನ್ ಒಳಗೆ ಕೆಂಡದ ಕಾಂಗ್ರಿ ಇಟ್ಟುಕೊಂಡು ಕಳೆಯೋ ದಿನಗಳಿವು. ಮೆಡಿಟರೇನಿಯನ್ ಕಡೆಯಿಂದ ಬರೋ ಪಶ್ಚಿಮದ ಮಾರುತಗಳು ಮೊದಲ 40 ದಿನದಲ್ಲಿ ಹಿಮ ಸುರಿಸಿದರೆ, ಅದು ಗಟ್ಟಿಯಾಗಿ ಕೂತು ಬೇಸಿಗೆಯುದ್ದಕ್ಕೂ ನಿಧಾನವಾಗಿ ಕರಗುತ್ತೆ. ಝೀಲಂಗೆ, ಭತ್ತದ ಗದ್ದೆಗೆ, ಸೇಬಿನ ತೋಟಕ್ಕೆ ನೀರು. ಅದೇ ಹಿಮ ತಡವಾಗಿ ಮಾರ್ಚ್‌ನಲ್ಲಿ ಬಿದ್ದರೆ ಬಿಸಿಲಿಗೆ ಬೇಗ ಕರಗಿ ಹರಿದುಹೋಗುತ್ತೆ. ಎಷ್ಟು ಬಿತ್ತು ಅನ್ನೋದರ ಜೊತೆಗೆ ಯಾವಾಗ ಬಿತ್ತು ಅನ್ನೋದೂ ಮುಖ್ಯ. ಮೆಷಿನ್ ಒಂದು ಇಳಿಜಾರನ್ನ ಬಿಳಿ ಮಾಡಬಹುದು, ಒಂದು ಕಣಿವೆಯ ನೀರಿನ ಖಾತೆ ತುಂಬೋಕಾಗಲ್ಲ.

2025ರ ಫೆಬ್ರವರಿಯಲ್ಲಿ, ಕ್ರೀಡಾಕೂಟ ಮುಂದಕ್ಕೆ ಹೋದ ಅದೇ ತಿಂಗಳು, ಅನಂತನಾಗ್ ಜಿಲ್ಲೆಯ ಅಚ್ಛಬಲ್ ಬುಗ್ಗೆ ಬತ್ತಿತು. ಮೊಘಲರು ಆ ನೀರಿಗೆ ಮನಸೋತು ಅಲ್ಲೊಂದು ತೋಟವನ್ನೇ ಕಟ್ಟಿದ್ದರು. ಕುಡಿಯೋಕೆ ಅದನ್ನೇ ನಂಬಿದ್ದ ಸುತ್ತಲಿನ ಹಳ್ಳಿಯವರು ನೀರಿಗೆ ಪರದಾಡಿದರು.

ಅದಕ್ಕೇ ನೀಲಮತದ ಆ ಹಬ್ಬ ನನಗೆ ಬರೀ ಮೋಜಾಗಿ ಕಾಣಲ್ಲ. ಬುಗ್ಗೆಗಳ ರಾಜ ಹಿಮವನ್ನ ಗೌರವಿಸಿ, ಆಗ ಇಲ್ಲೇ ಇರಬಹುದು ಅಂದಿದ್ದ. ಸ್ಕೀ ಹಿಡಿದ ಹುಡುಗ, ಸೇಬಿನ ತೋಟದ ಯಜಮಾನ, ಕೊಡ ಹಿಡಿದ ಅಜ್ಜಿ, ಮೂವರೂ ಡಿಸೆಂಬರ್‌ನಲ್ಲಿ ಕೇಳೋದು ಒಂದನ್ನೇ. ಮುಂದಿನ ಸಲ ಗುಲ್ಮಾರ್ಗ್ ಟ್ರಿಪ್‌ಗೆ ಹವಾಮಾನದ ಆ್ಯಪ್ ತೆರೆದಾಗ, ಡಿಸೆಂಬರ್ 21ರಿಂದ 40 ದಿನ ಎಣಿಸಿ ನೋಡಿ. ನೀವು ಕಾಯ್ತಿರೋ ಹಿಮಕ್ಕೇ ಅವರೂ ಕಾಯ್ತಿದ್ದಾರೆ.