ಎಸ್ಪ್ಲನೇಡ್‌ನಲ್ಲಿ ಗಾಡಿ ಬದಲಿಸುವಾಗ: ‘ಟ್ರಾಪಿಕಲ್’ ಗಣಿತಕ್ಕೆ ಆ ಹೆಸರು ಬಂದ ಕಥೆ

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗಾಗಿ ಈ ವಾರದ ಮಾತಿನ ಬರಹ ಇಲ್ಲಿದೆ. ಮಾತಿನ ಧಾಟಿಯನ್ನ ಹೆಚ್ಚು ತಿದ್ದಿಲ್ಲ. ಬೋರ್ಡ್ ಮೇಲೆ ಬರೆದ ಲೆಕ್ಕವನ್ನ ಮಾತ್ರ ಬಿಡಿಸಿ ಬರೆದಿದ್ದೀನಿ.

ನಾನು ಕೋಲ್ಕತ್ತಾಗೆ ಬಂದ ಮೊದಲನೇ ವಾರದ ಮಾತು. ಎಸ್ಪ್ಲನೇಡ್‌ಗೆ ಹೋಗಬೇಕಿತ್ತು. ಬಸ್ ಕಂಡಕ್ಟರುಗಳೆಲ್ಲ ‘ಧರ್ಮತಲಾ, ಧರ್ಮತಲಾ’ ಅಂತ ಕೂಗ್ತಿದ್ರು. ನನಗೆ ಬೇಕಾದದ್ದು ಅದಲ್ಲ ಅಂದ್ಕೊಂಡು ಎರಡು ಬಸ್ ಬಿಟ್ಟೆ. ಕೊನೆಗೆ ಪಕ್ಕದಲ್ಲಿ ನಿಂತಿದ್ದವರೊಬ್ಬರು, ‘ಎರಡೂ ಒಂದೇ ದಾದಾ, ಹತ್ತಿ’ ಅಂದ್ರು. ಕೋಟೆಯ ಮುಂದೆ ಖಾಲಿ ಬಿಟ್ಟ ಬಯಲಿಗೆ ಯುರೋಪಿನವರು ಎಸ್ಪ್ಲನೇಡ್ ಅಂತಿದ್ರು. ಇಲ್ಲಿ ಫೋರ್ಟ್ ವಿಲಿಯಂ ಮುಂದಿನ ಬಯಲಿಗೆ ಇಂಗ್ಲಿಷರು ಆ ಹೆಸರು ಅಂಟಿಸಿದ್ರು. ಊರಿನವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಧರ್ಮತಲಾ.

ಅದೇ ವಾರ ನಮ್ಮ ಮನೆ ಮಾಲೀಕರು ಪಕ್ಕದ ಮನೆಯವರಿಗೆ ನನ್ನನ್ನ ‘ಮದ್ರಾಸಿ ಹುಡುಗ’ ಅಂತ ಪರಿಚಯ ಮಾಡಿಕೊಟ್ರು. ನಾನು ಶಿವಮೊಗ್ಗದವನು. ನಿಮ್ಮಲ್ಲಿ ವಿಂಧ್ಯ ದಾಟಿ ಕೆಲಸಕ್ಕೆ ಹೋದವರೆಲ್ಲರಿಗೂ ಈ ಅನುಭವ ಆಗಿರುತ್ತೆ. ದೂರದಿಂದ ನೋಡಿದವರು ಇಡುವ ಹೆಸರು ಇದು. ಗಣಿತದ ಒಂದು ಇಡೀ ಶಾಖೆಗೂ ಹೀಗೇ ಹೆಸರು ಬಿದ್ದಿದೆ. ಅದನ್ನ ಎಸ್ಪ್ಲನೇಡ್ ಸ್ಟೇಷನ್ನಿಂದಲೇ ಶುರು ಮಾಡೋಣ.

ಭಾರತದ ಮೊದಲ ಮೆಟ್ರೋ ಹೊರಟಿದ್ದು ಇಲ್ಲಿಂದಲೇ. 1984ರ ಅಕ್ಟೋಬರ್ 24ರಂದು, ಎಸ್ಪ್ಲನೇಡ್‌ನಿಂದ ಭವಾನಿಪುರದವರೆಗೆ, 3.4 ಕಿಲೋಮೀಟರ್. ಅದು ಈಗಿನ ಬ್ಲೂ ಲೈನ್. ಹೂಗ್ಲಿ ನದಿಯ ಕೆಳಗೆ ಹೋಗುವ ಗ್ರೀನ್ ಲೈನ್ 2024ರ ಮಾರ್ಚ್‌ನಲ್ಲಿ ಹೌರಾ ಕಡೆಯಿಂದ ಎಸ್ಪ್ಲನೇಡ್ ಮುಟ್ಟಿತು. ಅದೇ ಗ್ರೀನ್ ಲೈನಿನ ಇನ್ನೊಂದು ತುಂಡು, ಸಿಯಾಲ್ದಾದಿಂದ ನಮ್ಮ ಐಟಿಯವರ ಸೆಕ್ಟರ್ ಫೈವ್‌ವರೆಗೆ, 2022ರಿಂದಲೇ ಓಡ್ತಿತ್ತು. ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಮಾತ್ರ ಬಾಕಿ. 2019ರ ಆಗಸ್ಟ್ ಕೊನೆಯಲ್ಲಿ ಬೌಬಜಾರ್‌ನಲ್ಲಿ ಸುರಂಗ ಕೊರೆಯುವಾಗ ನೀರು ನುಗ್ಗಿ, ನೆಲ ಕುಸಿದು, ಮನೆಗಳು ಬಿದ್ದವು. ಆ ಎರಡೂವರೆ ಕಿಲೋಮೀಟರ್ ಕೂಡಲು 2025ರ ಆಗಸ್ಟ್ 22 ಬರಬೇಕಾಯ್ತು.

ಈಗ ಲೆಕ್ಕ. ಸುಲಭವಾಗಲಿ ಅಂತ ಅಂಕಿಗಳನ್ನ ನಾನೇ ಹಾಕಿದ್ದೀನಿ. ಕಾಳಿಘಾಟ್‌ನಿಂದ ಎಸ್ಪ್ಲನೇಡ್‌ಗೆ 12 ನಿಮಿಷ. ಅಲ್ಲಿ ಇಳಿದು, ಗಾಡಿ ಬದಲಿಸಿ, ಸಿಯಾಲ್ದಾ ಮುಟ್ಟೋಕೆ 8. ಅಲ್ಲಿಂದ ಸೆಕ್ಟರ್ ಫೈವ್‌ಗೆ 20. ಕಾಳಿಘಾಟ್‌ನಿಂದ ನೇರ ಬಸ್ಸಾದ್ರೆ 70. ಒಂದೇ ದಾರಿಯ ತುಂಡುಗಳನ್ನ ಕೂಡಿಸ್ತೀವಿ: 12 + 8 + 20, ಅಂದ್ರೆ 40. ಬೇರೆ ಬೇರೆ ದಾರಿಗಳಿದ್ರೆ ಚಿಕ್ಕದನ್ನ ಆರಿಸ್ತೀವಿ: 70 ಮತ್ತು 40ರಲ್ಲಿ 40. ನಾವು ದಿನಾ ಬೆಳಿಗ್ಗೆ ಮಾಡೋ ಲೆಕ್ಕ ಇಷ್ಟೇ.

ಗಣಿತದವರು ಇಲ್ಲೊಂದು ಕೆಲಸ ಮಾಡಿದ್ರು. ‘ಚಿಕ್ಕದನ್ನ ಆರಿಸು’ ಅನ್ನೋದಕ್ಕೆ ಸಂಕಲನ ಅಂತ ಹೆಸರಿಟ್ರು, ‘ಕೂಡಿಸು’ ಅನ್ನೋದಕ್ಕೆ ಗುಣಾಕಾರ ಅಂತ. ಹೀಗೆ ಹೆಸರು ಅದಲುಬದಲು ಮಾಡಿದ್ರೂ ಸ್ಕೂಲಲ್ಲಿ ಕಲಿತ ನಿಯಮಗಳಲ್ಲಿ ಬಹಳಷ್ಟು ಹಾಗೇ ಉಳಿಯುತ್ತವೆ. ಕ್ರಮ ಬದಲಿಸಬಹುದು, ಆವರಣ ಬಿಡಿಸಬಹುದು, ಮ್ಯಾಟ್ರಿಕ್ಸ್ ಗುಣಿಸಬಹುದು. ಸ್ಟೇಷನ್ನುಗಳ ನಡುವಿನ ನಿಮಿಷಗಳ ಮ್ಯಾಟ್ರಿಕ್ಸನ್ನ ಅದರಿಂದಲೇ ಈ ರೀತಿ ಗುಣಿಸ್ತಾ ಹೋದ್ರೆ, ಎಲ್ಲ ಸ್ಟೇಷನ್ನುಗಳ ನಡುವಿನ ಅತಿ ಕಡಿಮೆ ಸಮಯ ತಾನಾಗೇ ಬರುತ್ತೆ. ನಾವು ಆಲ್ಗರಿದಂ ಕ್ಲಾಸಲ್ಲಿ ಬಾಯಿಪಾಠ ಮಾಡಿದ ಫ್ಲಾಯ್ಡ್ ಮತ್ತು ವಾರ್ಷಲ್ ಅವರ 1962ರ ವಿಧಾನದ ಒಳಗಿರೋದೂ ಇದೇ ಲೆಕ್ಕ.

ಈ ಲೆಕ್ಕದಲ್ಲಿ ಸೊನ್ನೆಯ ಕೆಲಸ ಮಾಡೋದು ಯಾವುದು ಗೊತ್ತಾ? ಅನಂತ, ಅಂದ್ರೆ ∞. ದಾರಿಯೇ ಇಲ್ಲದ ಕಡೆ ∞ ಬರೀತೀವಿ. 70 ಮತ್ತು ∞ರಲ್ಲಿ ಚಿಕ್ಕದು 70, ಅಂದ್ರೆ ∞ ‘ಕೂಡಿಸಿದ್ರೂ’ ಏನೂ ಬದಲಾಗಲ್ಲ. 12 + ∞ + 20 ಅಂದ್ರೆ ∞, ಅಂದ್ರೆ ಅದರಿಂದ ‘ಗುಣಿಸಿದ್ರೆ’ ಎಲ್ಲ ಮುಳುಗಿಹೋಗುತ್ತೆ. ಆ 2025ರ ಆಗಸ್ಟ್‌ವರೆಗೆ ಮೆಟ್ರೋ ಮ್ಯಾಟ್ರಿಕ್ಸಿನಲ್ಲಿ ಎಸ್ಪ್ಲನೇಡ್–ಸಿಯಾಲ್ದಾ ಮನೆಯಲ್ಲಿ ಇದ್ದದ್ದು ಈ ∞. ಒಂದು ಮನೆಯ ಅಂಕಿ ಬದಲಾದದ್ದಕ್ಕೆ ಊರಿನ ಎಷ್ಟೋ ಜನರ ಬೆಳಗು ಬದಲಾಯ್ತು.

ಇಲ್ಲಿ ‘ಒಂದು’ ಅನ್ನೋ ಜಾಗದಲ್ಲಿ ಕೂತಿರೋದು ನಮ್ಮ ಮಾಮೂಲಿ 0. ನಿಂತಲ್ಲೇ ನಿಂತರೆ ಸಮಯ 0, ಯಾವ ದಾರಿಗೆ ಸೇರಿಸಿದ್ರೂ ದಾರಿ ಉದ್ದ ಆಗಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಅಂದಿದ್ರು. ಮಾಮೂಲಿ ಗಣಿತದಲ್ಲಿ ಅದು ತಪ್ಪು. ಈ ಗಣಿತದಲ್ಲಿ ಸರಿ. ಅವರಿಗೆ ಇದು ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ವಾಟ್ಸಾಪ್‌ನಲ್ಲಿ ಹಾಗೆ ಹಂಚಬೇಡಿ!

ಒಂದು ಮಾತ್ರ ಇಲ್ಲಿ ಸಾಧ್ಯವಿಲ್ಲ: ‘ಸಂಕಲನ’ವನ್ನ ವಾಪಸ್ ಪಡೆಯೋದು. 70 ಮತ್ತು 40ರಲ್ಲಿ 40 ಆರಿಸಿದ ಮೇಲೆ, ಬರೀ 40 ನೋಡಿ 70 ಇತ್ತು ಅಂತ ಯಾರೂ ಹೇಳಲಾರರು. ವ್ಯವಕಲನ ಇಲ್ಲದ್ದರಿಂದ ಇದು ಪೂರ್ತಿ ರಿಂಗ್ ಅಲ್ಲ, ಸೆಮಿರಿಂಗ್.

ಇದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ರು. ಬ್ರಿಟನ್ನಿನ ಕನಿಂಗ್‌ಹ್ಯಾಮ್-ಗ್ರೀನ್, ಕಾರ್ಖಾನೆಯಲ್ಲಿ ಒಂದು ಯಂತ್ರ ಇನ್ನೊಂದಕ್ಕೆ ಕಾಯುವ ಲೆಕ್ಕಕ್ಕೆ ಚಿಕ್ಕದರ ಬದಲು ದೊಡ್ಡದನ್ನ ಆರಿಸೋ ಜೋಡಿಯನ್ನ ಬಳಸಿದ್ರು. 1979ರ ಅವರ ಪುಸ್ತಕದ ಹೆಸರು ‘ಮಿನಿಮ್ಯಾಕ್ಸ್ ಆಲ್ಜೀಬ್ರಾ’. ಮಾಸ್ಕೋದಲ್ಲಿ ಮಾಸ್ಲೋವ್ ಬಳಗದವರು ‘ಐಡೆಂಪೊಟೆಂಟ್’ ಅಂದ್ರು. ಮಹಾಲನೋಬಿಸ್ 1931ರಲ್ಲಿ ಇದೇ ಕೋಲ್ಕತ್ತಾದಲ್ಲಿ ಕಟ್ಟಿದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ದೆಹಲಿ ಕೇಂದ್ರದಲ್ಲಿ ರವೀಂದ್ರ ಬಾಪಟ್ 1998ರಲ್ಲಿ ಇದರ ಬಗ್ಗೆ ಹೆಸರಾದ ಪ್ರಬಂಧ ಬರೆದ್ರು. ಅವರು ಬಳಸಿದ್ದು ‘ಮ್ಯಾಕ್ಸ್’ ಅನ್ನೋ ಪದ.

ಹಾಗಾದ್ರೆ ‘ಟ್ರಾಪಿಕಲ್’, ಅಂದ್ರೆ ಉಷ್ಣವಲಯದ್ದು, ಎಲ್ಲಿಂದ ಬಂತು? ಇಮ್ರೆ ಸೈಮನ್ ಅನ್ನೋರು ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಹೇಳಿಕೊಡ್ತಿದ್ರು. ಅವರ ಗುರು, ಮುಂದೆ ಕೆನಡಾದ ವಾಟರ್‌ಲೂ ಸೇರಿದ ಬ್ರಜೊಜೊವ್ಸ್ಕಿ, 1966ರಲ್ಲಿ ಒಂದು ಪ್ರಶ್ನೆ ಕೇಳಿದ್ರು: ಒಂದು ರೆಗ್ಯುಲರ್ ಭಾಷೆಯ ಪದಗಳನ್ನ ಒಂದರ ಮುಂದೊಂದು ಜೋಡಿಸ್ತಾ ಹೋದ್ರೆ, ಇಂತಿಷ್ಟು ಜೋಡಣೆಯ ನಂತರ ಹೊಸದೇನೂ ಹುಟ್ಟಲ್ಲ ಅಂತ ಯಾವಾಗ ಹೇಳಬಹುದು? ಉತ್ತರಕ್ಕೆ, ಒಂದು ಪದವನ್ನ ಕಟ್ಟೋಕೆ ಕನಿಷ್ಠ ಎಷ್ಟು ತುಂಡು ಬೇಕು ಅಂತ ಎಣಿಸಬೇಕು. ಕನಿಷ್ಠ ಆರಿಸು, ತುಂಡು ಕೂಡಿಸು. ಅದೇ ನಮ್ಮ ಕಾಳಿಘಾಟ್ ಲೆಕ್ಕ! ಸೈಮನ್ 1978ರಲ್ಲಿ ಇದನ್ನ ಬಿಡಿಸಿದ್ರು. ಜಪಾನಿನ ಹಶಿಗುಚಿ ಕೂಡ ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಬೇರೆಯಾಗಿ, ಬಿಡಿಸಿದ್ರು.

ಫ್ರಾನ್ಸಿನ ಗೆಳೆಯರು ಸೈಮನ್ ಅವರ ಗೌರವಕ್ಕೆ ಈ ಸೆಮಿರಿಂಗನ್ನ ‘ಟ್ರಾಪಿಕಲ್’ ಅಂತ ಕರೆದ್ರು. ಹೆಸರಿಟ್ಟದ್ದು ಡೊಮಿನಿಕ್ ಪೆರಾಂ ಅಂತಾರೆ ಜಾನ್-ಎರಿಕ್ ಪ್ಯಾಂ. ಅಲ್ಲ, ಕ್ರಿಶ್ಚಿಯನ್ ಶೊಫ್ರೂ ಅಂತ ಸೈಮನ್ನರೇ ಹೇಳಿದ್ದಾರೆ. ಹೆಸರಿಗೆ ಗಣಿತದ ಕಾರಣ ಏನೂ ಇಲ್ಲ. ಪ್ಯಾರಿಸ್ ಕಡೆಯಿಂದ ನೋಡಿದ್ರೆ ಬ್ರೆಜಿಲ್ ಅಂದ್ರೆ ಬಿಸಿಲು, ಅಷ್ಟೇ.

ಆದ್ರೆ ಸೈಮನ್ ಹುಟ್ಟಿದ್ದು 1943ರಲ್ಲಿ, ಹಿಮ ಬೀಳೋ ಬುಡಾಪೆಸ್ಟ್‌ನಲ್ಲಿ! ಆಮೇಲೆ ಬ್ರೆಜಿಲ್ ಸೇರಿದವರು. ಅಂದ್ರೆ ಒಬ್ಬ ವಲಸಿಗನಿಗೆ, ಅವನು ಬಂದು ನೆಲೆಸಿದ ಊರಿನ ಹವಾಮಾನವೇ ಹೆಸರಾಯ್ತು. ಹಂಗೇರಿ, ವಾಟರ್‌ಲೂ, ಗುರುವಿನ ಪ್ರಶ್ನೆ, ಯಾವುದೂ ಆ ಹೆಸರಲ್ಲಿ ಇಲ್ಲ. 40 ಉಳೀತು, 70 ಅಳಿಸಿಹೋಯ್ತು. 2000ದ ನಂತರ ಮಿಖಾಲ್ಕಿನ್ ಮುಂತಾದವರು ಇದನ್ನ ಜ್ಯಾಮಿತಿಗೆ ತಂದ ಮೇಲಂತೂ ‘ಟ್ರಾಪಿಕಲ್’ ಅನ್ನೋದು ದೊಡ್ಡ ಶಾಖೆಯ ಹೆಸರೇ ಆಗಿ, ಬೇರೆ ಹೆಸರುಗಳು ಹಿಂದೆ ಬಿದ್ದವು.

ಸೈಮನ್ನರೂ 1988ರ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ‘ಟ್ರಾಪಿಕಲ್ ಸೆಮಿರಿಂಗ್’ ಅಂತ ಬರೆದ್ರು. 2009ರಲ್ಲಿ ತೀರಿಕೊಂಡ್ರು. ಅವರಿಗೆ ಆ ಹೆಸರು ಪ್ರೀತಿಯಿಂದ ಬಂದದ್ದು, ‘ಮದ್ರಾಸಿ’ ಅನ್ನೋದಕ್ಕೆ ಅದನ್ನ ಸಮ ಮಾಡಲ್ಲ ನಾನು. ಆದ್ರೂ ಈ ಕಥೆ ಓದಿದಾಗ ನನಗೆ ನಾಚಿಕೆಯಾದ ಒಂದು ವಿಷಯ ಇದೆ. ಬೆಂಗಳೂರಲ್ಲಿದ್ದಾಗ ನನ್ನ ರೂಮ್‌ಮೇಟ್ ಬಂಗಾಳಿ. ಎರಡು ವರ್ಷ ನಾನು ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮನಿಗೆ ಹೇಳ್ತಿದ್ದದ್ದು ‘ಆ ಹಿಂದಿಯವನು’ ಅಂತ. ಅವನ ಭಾಷೆ ಯಾವುದು ಅಂತ ಅಮ್ಮನಿಗೆ ಗೊತ್ತಾಗಿದ್ದು ನಾನು ಇಲ್ಲಿಗೆ ಬಂದ ಮೇಲೆ.

ಮನೆ ಮಾಲೀಕರಿಗೆ ನಾನು ಕನ್ನಡದವನು ಅಂತ ಈಗಲೂ ಆಗಾಗ ಹೇಳ್ತಾ ಇರ್ತೀನಿ. ಮೂರು ಸಲ ಹೇಳಿದ್ರೆ ಒಂದು ಸಲ ನೆನಪಿರುತ್ತೆ. ನಾನೂ ಬಸ್ ಹತ್ತಿದಾಗ ಕಂಡಕ್ಟರಿಗೆ ಎಸ್ಪ್ಲನೇಡ್ ಅನ್ನಲ್ಲ. ‘ಧರ್ಮತಲಾ, ಒಂದು’ ಅಂತೀನಿ.

ನಿಮ್ಮ ಊರಲ್ಲಿ ನಿಮ್ಮನ್ನ ಏನಂತ ಕರೀತಾರೆ, ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.