ತ್ರೀ ಪಾಸಸ್ ಚಾರಣಮಾರ್ಗ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಸದರ್ನ್ ಆಲ್ಪ್ಸ್ ಪರ್ವತಸಾಲನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವ ದುರ್ಗಮ ಚಾರಣಮಾರ್ಗ. ಆರ್ಥರ್ಸ್ ಪಾಸ್ ರಾಷ್ಟ್ರೀಯ ಉದ್ಯಾನದಲ್ಲಿ ವೈಮಕರಿರಿ ನದಿಯ ಜಲ್ಲಿಗಲ್ಲಿನ ಪಾತ್ರದಿಂದ ಹೊರಟು, ಹೊಕಿಟಿಕಾ ಪಟ್ಟಣದ ಒಳನಾಡಿಗಿರುವ ಸ್ಟಿಕ್ಸ್ ನದಿಯ ಕಣಿವೆಯಲ್ಲಿ ಇಳಿಯುತ್ತದೆ. ನಾಲ್ಕೈದು ದಿನಗಳ ನಡಿಗೆ. ಎತ್ತರದ ಭಾಗಗಳಲ್ಲಿ ಕಡಿದು ಮಾಡಿದ ಕಾಲುದಾರಿಯಿಲ್ಲ. ಅಲ್ಲಲ್ಲಿ ಪೇರಿಸಿಟ್ಟ ಕಲ್ಲುಗುಪ್ಪೆ, ನಕಾಶೆ ಮತ್ತು ಚಾರಣಿಗರ ಅಂದಾಜು ಇವೇ ದಿಕ್ಕು ತೋರಿಸಬೇಕು.

ಈ ಮಾರ್ಗ ದ್ವೀಪದ ಮುಖ್ಯ ಜಲವಿಭಾಜಕವನ್ನು ಮೂರು ಬಾರಿ ದಾಟುತ್ತದೆ. ವೈಮಕರಿರಿ ಕಡೆಯಿಂದ ಸುಮಾರು 1,300 ಮೀಟರ್ ಎತ್ತರದ ಹಾರ್ಮನ್ ಪಾಸ್ ಏರಿದರೆ ಪಶ್ಚಿಮಕ್ಕೆ ಹರಿಯುವ ತೈಪೊ ನದಿಯ ತಲೆಭಾಗ. ಅಲ್ಲಿಂದ ಸುಮಾರು 1,750 ಮೀಟರ್ ಎತ್ತರದ ವೈಟ್‌ಹಾರ್ನ್ ಪಾಸ್ ದಾಟಿದಾಗ ಮತ್ತೆ ಪೂರ್ವದ ಮಗ್ಗುಲು: ಕ್ರೋನಿನ್ ಹೊಳೆ, ವಿಲ್ಬರ್‌ಫೋರ್ಸ್ ಕಣಿವೆ. ಕೊನೆಯದು ಬ್ರೌನಿಂಗ್ ಪಾಸ್, ಸುಮಾರು 1,400 ಮೀಟರ್. ಇದರ ಪೂರ್ವದ ಇಳಿಜಾರು ತುದಿಯ ಹತ್ತಿರ ತೀರ ಕಡಿದಾಗಿದ್ದು, ಕಾಲಿಟ್ಟಲ್ಲೆಲ್ಲ ಚೂರುಗಲ್ಲು ಜಾರುತ್ತದೆ. ಹಿಮ ಗಟ್ಟಿಯಾಗಿರುವಾಗ ಹಿಮಗೊಡಲಿ ಇಲ್ಲದೆ ಇಲ್ಲಿಗೆ ಬರುವುದು ದುಸ್ಸಾಹಸ.

ಆದರೂ ಈ ದಾರಿಯಲ್ಲಿ ಹೆಚ್ಚು ಭಯಪಡಬೇಕಾದದ್ದು ಶಿಖರಗಳಿಗಲ್ಲ, ನೀರಿಗೆ. ಟಾಸ್ಮನ್ ಸಮುದ್ರದಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ಬಡಿದು ಪಶ್ಚಿಮದ ಮಗ್ಗುಲಿನಲ್ಲೇ ಮಳೆ ಸುರಿಸುತ್ತದೆ. ಹೊಕಿಟಿಕಾ ಜಲಾನಯನದ ಕ್ರಾಪ್ ನದಿಯ ಬಳಿ ವಾರ್ಷಿಕ ಸರಾಸರಿ ಮಳೆ 10,000 ಮಿಲಿಮೀಟರಿಗೂ ಹೆಚ್ಚು. ವಾಯವ್ಯದ ಗಾಳಿ ಎದ್ದ ದಿನ ಪೂರ್ವದ ಬಯಲಿನಲ್ಲಿ ಬಿಸಿಲಿದ್ದರೂ, ನೆತ್ತಿಯಲ್ಲಿ ಬಿದ್ದ ಮಳೆಯಿಂದ ವೈಮಕರಿರಿ ಉಕ್ಕಬಹುದು. ಹಲವೆಡೆ ಸೇತುವೆ ಇಲ್ಲ. ಗುಂಪಿನವರು ತೋಳಿಗೆ ತೋಳು ಬೆಸೆದು, ಬಲಶಾಲಿಯನ್ನು ಪ್ರವಾಹದ ಮೇಲ್ಬದಿಗೆ ನಿಲ್ಲಿಸಿಕೊಂಡು ಒಟ್ಟಿಗೆ ದಾಟುತ್ತಾರೆ; ನೀರು ಕೆಂಪಾಗಿ, ತಳದಲ್ಲಿ ಬಂಡೆ ಉರುಳುವ ಸದ್ದು ಕೇಳಿದರೆ ದಾಟುವುದಿಲ್ಲ. ಮಳೆ ನಿಂತರೆ ಈ ಗಿಡ್ಡ ನದಿಗಳು ಬೇಗನೆ ಇಳಿಯುತ್ತವೆ. ಹಾಗಾಗಿ ಒಂದು ದಿನದ ಹೆಚ್ಚುವರಿ ಊಟ ಹೊತ್ತಿರುವುದು ಯಾವ ಉಪಕರಣಕ್ಕೂ ಕಡಿಮೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನದಿ ದಾಟುವಾಗ ಸತ್ತವರು ಎಷ್ಟಿದ್ದರೆಂದರೆ, ಮುಳುಗಿ ಸಾಯುವುದಕ್ಕೆ 'ನ್ಯೂಜಿಲೆಂಡ್ ಸಾವು' ಎಂದೇ ಹೆಸರು ಬಿದ್ದಿತ್ತು.

ಬ್ರೌನಿಂಗ್ ಪಾಸ್‌ನ ಮಾವೊರಿ ಹೆಸರು ನೋತಿ ರೌರೆಕಾ. ಪಶ್ಚಿಮ ಕರಾವಳಿಯ ನಾತಿ ವೈರಾಂಗಿ ಬುಡಕಟ್ಟಿನ ರೌರೆಕಾ ಎಂಬ ಹೆಂಗಸು ಈ ಕಡೆಯಿಂದ ಬೆಟ್ಟ ದಾಟಿ ಬಂದು, ತನ್ನ ಬಳಿಯಿದ್ದ ಪೌನಮು ಎಂಬ ಹಸಿರುಕಲ್ಲಿನ ಬಾಚಿಯನ್ನು ಪೂರ್ವದ ನಾಯ್ ತಾಹು ಜನರಿಗೆ ತೋರಿಸಿದಳೆಂದು ಐತಿಹ್ಯ. ಆಯುಧಕ್ಕೂ ಆಭರಣಕ್ಕೂ ಒದಗುವ ಆ ಕಲ್ಲಿಗಾಗಿ ಮುಂದೆ ಯುದ್ಧಗಳೂ ನಡೆದವು. 1860ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಚಿನ್ನ ಸಿಕ್ಕಾಗ ಯುರೋಪಿಯನ್ನರೂ ಇದೇ ಸಾಲಿನಲ್ಲಿ ದಾರಿ ಹುಡುಕಿದರು.

ಪಾಸ್‌ನ ನೆತ್ತಿಯ ಬ್ರೌನಿಂಗ್ ಸರೋವರದ ನೀರು ಅರಾಹುರಾ ನದಿಗೆ ಹರಿಯುತ್ತದೆ. ಪೌನಮುವಿನ ಮುಖ್ಯ ನೆಲೆಗಳಲ್ಲಿ ಇದೂ ಒಂದು. ಚಾರಣಿಗರು ಸ್ಟಿಕ್ಸ್ ಸ್ಯಾಡಲ್ ದಾಟಿ, ದಟ್ಟ ಮಳೆಕಾಡಿನೊಳಗೆ ಗುರುತು ಹಾಕಿದ ದಾರಿ ಹಿಡಿದು ಕೆಳಗಿಳಿಯುತ್ತಾರೆ. 1997ರ ಕಾಯ್ದೆಯಂತೆ ನಾಯ್ ತಾಹು ನಾಡಿನ ನೈಸರ್ಗಿಕ ಪೌನಮು ಅವರದೇ ಸ್ವತ್ತು. ಅರಾಹುರಾ ಪಾತ್ರದಲ್ಲಿ ಕಣ್ಣಿಗೆ ಬಿದ್ದ ಹಸಿರುಕಲ್ಲನ್ನು ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ.