ಬಚ್ಚಲಮನೆಯ ಹಿಡಿಕೆ: ಡ್ರಿಲ್ ಮಾಡದೆ ಗೋಡೆಗೆ ಅಂಟಿಸಿದರೆ ಸಾಕೇ?

ಹೇಳಿಕೆ: ರಬ್ಬರ್ ಕಪ್ ಇರುವ ಹಿಡಿಕೆಯನ್ನು ಗೋಡೆಗೆ ಒತ್ತಿದರೆ ಸಾಕು, ಹಿರಿಯರು ಜಾರಿ ಬೀಳುವುದಿಲ್ಲ.

ವಾಸ್ತವ: ಇದನ್ನು ನಂಬಿ ಭಾರ ಬಿಡುವುದು ಅಪಾಯ.

ರಬ್ಬರ್ ಕಪ್ ನಿಲ್ಲುವುದು ಹೊರಗಿನ ಗಾಳಿಯ ಒತ್ತಡದಿಂದ. ಟೈಲ್ಸ್ ಸಂದಿನಿಂದಲೋ ಗಡಸು ನೀರಿನ ಬಿಳಿ ಪದರದಿಂದಲೋ ಒಳಗೆ ಗಾಳಿ ನುಗ್ಗಿದರೆ ಹಿಡಿತ ಹೋಯಿತು. ಜಾರುವಾಗ ಮೈಭಾರವೆಲ್ಲ ಒಮ್ಮೆಲೇ ಬೀಳುತ್ತದೆ. ಅಮೆರಿಕದ ಎಡಿಎ ಮಾನದಂಡದ ಪ್ರಕಾರ ಹಿಡಿಕೆ ಸುಮಾರು 113 ಕೆ.ಜಿ. ಭಾರ ತಾಳಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ಗೋಡೆ ಯಾವುದೆಂದು ನೋಡೋಣ.

• ಇಟ್ಟಿಗೆ, ಕಾಂಕ್ರೀಟ್: ಆ್ಯಂಕರ್ ಬೋಲ್ಟ್ ಟೈಲ್ಸ್ ಮತ್ತು ಗಿಲಾವು ದಾಟಿ ಗಟ್ಟಿ ಗೋಡೆಯೊಳಗೆ ಇಳಿಯಬೇಕು.

• ಟೊಳ್ಳು ಸಿಮೆಂಟ್ ಬ್ಲಾಕ್: ಸಾಮಾನ್ಯ ಪ್ಲಗ್ ಸಾಲದು. ಜಾಲರಿ ಕೊಳವೆ ಹಾಕಿ ಕೆಮಿಕಲ್ ಆ್ಯಂಕರ್ ತುಂಬಿಸಬೇಕು.

• ಕಲ್ಲು-ಮಣ್ಣಿನ ಗೋಡೆ: ಬೀಳಗಿ ತಾಲ್ಲೂಕಿನ ಅನಗವಾಡಿಯಾಗಲಿ, ಬೇರೆ ಊರಾಗಲಿ, ಹಳೆಯ ಮನೆಯಲ್ಲಿ ಇಂಥ ಗೋಡೆಯಿದ್ದರೆ ಸಂದಿನ ಮಣ್ಣು ಬೋಲ್ಟ್ ಹಿಡಿಯದು. ಗೌಂಡಿಗೆ ಹೇಳಿ, ನೆಲದಲ್ಲಿ ಗುಂಡಿ ತೋಡಿಸಿ ಕಾಂಕ್ರೀಟ್ ಹಾಕಿ ಜಿಐ ಪೈಪಿನ ಕಂಬ ನಿಲ್ಲಿಸುವುದು ಲೇಸು.

• ಜಿಪ್ಸಮ್ ಬೋರ್ಡ್: ನಗರದ ಫ್ಲ್ಯಾಟುಗಳಲ್ಲಿ ಕಾಣುವ ಈ ಹಲಗೆಯ ದಪ್ಪ ಸಾಮಾನ್ಯವಾಗಿ 12.5 ಮಿ.ಮೀ. ಬರೀ ಹಲಗೆಗೆ ಸ್ಕ್ರೂ ಹಾಕಿದರೆ ಕಿತ್ತು ಬರುತ್ತದೆ. ಹಿಂದೆ ಚೌಕಟ್ಟಿಗೆ ಬಿಗಿದ ದಪ್ಪ ಮರ ಅಥವಾ ಪ್ಲೈವುಡ್ ಇರಲೇಬೇಕು.

ಎತ್ತರ ನೆಲದಿಂದ 84ರಿಂದ 91 ಸೆಂ.ಮೀ. ಇರಲಿ. ಹಿರಿಯರು ಬಳಸುವ ಮುನ್ನ ಮನೆಯ ಗಟ್ಟಿಮುಟ್ಟಾದವರೊಬ್ಬರು ಜಗ್ಗಿ ನೋಡಲಿ. ಚೂರು ಅಲುಗಿದರೂ ಬಿಚ್ಚಿ ಮತ್ತೆ ಹಾಕಿಸಿ. ಟವೆಲ್ ರಾಡ್, ನಲ್ಲಿ ಹಿಡಿದು ಏಳುವ ರೂಢಿಯೂ ಬೇಡ.

ನಮ್ಮ ತೀರ್ಮಾನ: ಹೇಳಿಕೆ ದಾರಿ ತಪ್ಪಿಸುವಂಥದ್ದು. ಹಿಡಿಕೆಯ ಬಲ ಅದರ ಹಿಂದಿನ ಗೋಡೆಯಲ್ಲಿದೆ.